ಫಾತಿಮಕ್ಕನ ಬಾಣಲೆ

ಫಾತಿಮಕ್ಕನ ಮುತ್ತಾತ ಮಾ ದೆಲಿನ್, ಚೀನಾದ ಗಾನ್ಸು ಸೀಮೆಯ ಮುಸ್ಲಿಂ ಕೇರಿಯಲ್ಲಿ ಒಡೆದ ಪಾತ್ರೆಗೆ ಬೆಸುಗೆ ಹಾಕಿ ಹೆಸರಾದವನು. ಅವನ ಮಗಳು ಗುಯಿಯಿಂಗ್ ಅವನಿಗಿಂತ ಗಟ್ಟಿ. ಊರಿಗೆಲ್ಲ ಒಂದೇ ಅಡುಗೆಮನೆ ಸಾಕೆಂದು ಕಮ್ಯುನಿಸ್ಟ್ ಸರ್ಕಾರ ಮನೆಮನೆಯ ಪಾತ್ರೆ ಕಿತ್ತು ಉಕ್ಕಿನ ಕುಲುಮೆಗೆ ಸುರಿದಾಗ, ಅಪ್ಪ ಕೊಟ್ಟ ಕಬ್ಬಿಣದ ಬಾಣಲೆಯನ್ನು ಅವಳು ಅಪ್ಪನ ಗೋರಿಯ ಮಗ್ಗುಲಲ್ಲೇ ಹೂತಿಟ್ಟಳು. ಆ ದೊಡ್ಡ ಅಡುಗೆಮನೆಯ ಒಲೆ ಆರಿ ಊರು ಹಸಿದಾಗ, ಅದನ್ನೇ ಅಗೆದು ತೆಗೆದು ಸೊಪ್ಪು ಬೇಯಿಸಿ ಮಕ್ಕಳನ್ನು ಉಳಿಸಿಕೊಂಡಳು.

ಅವಳ ಮೊಮ್ಮಗಳು ಫಾತಿಮಕ್ಕ ಈಗ ಕತಾರಿನ ದೋಹಾದ ಅಲ್ ಮುಂತಜಾ ಬಡಾವಣೆಯ ತನ್ನ ಪುಟ್ಟ ಅಂಗಡಿಯಲ್ಲಿ ಅದೇ ಬಾಣಲೆಯ ಮುಂದೆ ನಿಂತು, ಹಿಟ್ಟನ್ನು ಎಳೆದೆಳೆದು ನೂಲಿನಂಥ ಶ್ಯಾವಿಗೆ ಮಾಡುತ್ತಾಳೆ. ಅವಳ ಕೈರುಚಿಗೆ ನಾನು ಸೋತು ಹನ್ನೆರಡು ವರ್ಷವಾಯಿತು.

ಹಳೆ ಕಟ್ಟಡ ಕೆಡವುತ್ತಾರೆಂದು ಹೋದ ವಾರ ಅಂಗಡಿ ಪಕ್ಕದ ಬೀದಿಗೆ ಹೊರಟಿತು. ಬಾಣಲೆಯ ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕಿದೆ. ಕೈಜಾರಿದರೆ ಎರಡು ಹೋಳು. ನೆರೆಯ ಕಿರಾಣಿ ಅಂಗಡಿಯ ಅಬ್ದುಲ್ ಲತೀಫ್, ನಮ್ಮ ಉಪ್ಪಿನಂಗಡಿ ಕಡೆಯವನು, ತಳ್ಳುಗಾಡಿ ತಂದ. ಅವರಿಬ್ಬರೂ ಆಡಿದ್ದು ಗಲ್ಫಿನ ಹರಕುಮುರುಕು ಹಿಂದಿ, ಕನ್ನಡ ನನ್ನದು.

“ಅಕ್ಕಾ, ಈ ಪ್ರಾಯದಲ್ಲಿ ಇಷ್ಟು ಭಾರ ಯಾಕೆ? ಯಲ್ಲಾ, ಬೇಗ ಗಾಡಿಗಿಡಿ. ನಾನು ತಲುಪಿಸ್ತೇನೆ.”

ಫಾತಿಮಕ್ಕ ನಗುತ್ತಲೇ ಬಾಣಲೆಯನ್ನು ಬೆನ್ನಿಗೆ ಕಟ್ಟಿಕೊಂಡಳು.

“ಬೇಡ ಲತೀಫ್. ನನ್ನಜ್ಜಿ ಮನೆಗೆ ಪಾತ್ರೆ ಒಯ್ಯೋಕೆ ಬಂದವರೂ ಗಾಡಿ ತಂದು, ‘ನೀನ್ಯಾಕೆ ಹೊರ್ತೀ, ನಾವು ತಲುಪಿಸ್ತೇವೆ’ ಅಂದಿದ್ರಂತೆ. ನೀನು ಹಸಿದುಕೊಂಡು ಬಾ, ಸಾಕು. ಇದನ್ನು ನಾನೇ ಹೊರ್ತೇನೆ.”