ಸುಣ್ಣ ಹಿಡಿದ ಗಾಳಿ

ಕೂತಲ್ಲಿ ಕೂರುವ ಜಾಯಮಾನ ಯೋಗಾನರಸಿಂಹನದಲ್ಲ. ಮಳವಳ್ಳಿಯ ಮೇಷ್ಟ್ರ ಮಗ, ಎಂ.ಎಸ್ಸಿ. ಮುಗಿಸಿ ಬೆಂಗಳೂರಿನಲ್ಲಿ ಸಂಶೋಧನೆಗೆ ಸೇರಿದವನು. ಎಪ್ಪತ್ತಾರರ ಬೇಸಿಗೆಯಲ್ಲಿ ಪ್ರಬಂಧ ಒಪ್ಪಿಸಲು ಎಂಟೇ ದಿನ ಉಳಿದಾಗ ಕಾಲು ಸುಟ್ಟ ಬೆಕ್ಕಿನ ಹಾಗೆ ಮಳವಳ್ಳಿಗೂ ಬಂಡೂರಿಗೂ ಓಡಾಡುತ್ತಿದ್ದ. ತಾಯಿ ಪದ್ಮಮ್ಮ ಬಡಿಸಿದ ಎಲೆಯಿಂದಲೂ ಅರ್ಧಕ್ಕೇ ಎದ್ದು ಬಸ್ಸು ಹಿಡಿಯುತ್ತಿದ್ದ.

ಬಂಡೂರಿನ ಚಿಕ್ಕಣ್ಣನ ಹಿತ್ತಲಲ್ಲಿ ಗೋಬರ್ ಗ್ಯಾಸಿನ ಗುಂಡಿಯಿತ್ತು. ಸಗಣಿಯಿಂದ ಏಳುವ ಗ್ಯಾಸಿನಲ್ಲಿ ಉರಿಯುವುದು ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಮಿಕ್ಕದ್ದು ಇಂಗಾಲದ ಗಾಳಿ. ತಾನೂ ಉರಿಯದೆ ಒಲೆಯನ್ನೂ ಮಂಕು ಮಾಡುತ್ತದೆ. ಯೋಗಾನರಸಿಂಹ ಗ್ಯಾಸನ್ನು ಸುಣ್ಣದ ನೀರಿನ ಡ್ರಮ್ಮಿನ ಮೂಲಕ ಹಾಯಿಸಿದ. ಸುಣ್ಣ ಆ ಗಾಳಿಯನ್ನು ಹಿಡಿದಿಟ್ಟುಕೊಂಡಿತು, ಒಲೆ ನೀಲಿಯಾಗಿ ಭರ್ರೆಂದು ಉರಿಯಿತು. ಪೆಟ್ರೋಲು ತುಟ್ಟಿಯಾಗಿ, ಮುಂದೆ ಏನು ಉರಿಸುವುದೆಂದು ದೊಡ್ಡವರೆಲ್ಲ ತಲೆ ಕೆಡಿಸಿಕೊಂಡಿದ್ದ ಕಾಲ. ಉತ್ತರ ನನ್ನ ಡ್ರಮ್ಮಿನಲ್ಲಿದೆ ಎಂದು ಇವನು ನಂಬಿಬಿಟ್ಟ.

ಚಿಕ್ಕಣ್ಣನ ಹೆಂಡತಿ ಇಂದ್ರಮ್ಮ, ಮುದ್ದೆ ಬೇಯಲು ಉರಿ ಸಾಲದೆ ವಾರಕ್ಕೊಂದು ಹೊರೆ ಸೌದೆ ತರುತ್ತಿದ್ದವಳು. ಡ್ರಮ್ಮು ಬಂದ ಮೇಲೆ ಅವಳ ತಲೆಯ ಮೇಲೆ ಹೊರೆ ಕೂರಲಿಲ್ಲ. ಈ ಒಲೆ ಸೌದೆ ಉಳಿಸುತ್ತದೆ ಎಂಬ ಮಾತಿನ ಮೇಲೇ ಇಡೀ ಪ್ರಬಂಧ ನಿಂತಿತ್ತು. ಅದು ಗೆದ್ದರೆ ಡಾಕ್ಟರೇಟು.

ಒಂದು ಮೂಟೆ ಸುಣ್ಣ ಎರಡು ವಾರಕ್ಕೆ ಬರುತ್ತಿತ್ತು. ಆ ಸಲ ಅಂಗಡಿಯವನು ಮೂಟೆ ಕಳಿಸಲಿಲ್ಲ. ಕಾಯುವ ತಾಳ್ಮೆ ಇಲ್ಲದೆ ಯೋಗಾನರಸಿಂಹ ಸೋಮನಹಳ್ಳಿಯ ಅಂಕಯ್ಯ ಸುಣ್ಣ ಸುಡುವ ಗೂಡಿಗೆ ತಾನೇ ಹೋದ. ಇಷ್ಟು ಸುಣ್ಣ ಯಾವ ಅರಮನೆ ಬಳಿಯಲಿಕ್ಕೆ ಎಂದು ಅಂಕಯ್ಯ ಕೇಳಿದ. ಸೌದೆ ಉಳಿಸಲಿಕ್ಕೆ ಎಂದು ಇವನು ಎದೆಯುಬ್ಬಿಸಿ ವಿವರಿಸಿದ. ಅಷ್ಟರಲ್ಲಿ ಅಂಕಯ್ಯನ ಹೆಂಡತಿ ತಲೆಯ ಮೇಲಿನ ಸೌದೆಯನ್ನು ಗೂಡಿನ ಬಾಯಿಗೆ ಕೆಡವಿ ಕತ್ತು ಉಜ್ಜಿಕೊಳ್ಳುತ್ತ ನಿಂತಳು.

"ಒಂದು ಮೂಟೆ ಸುಣ್ಣ ಬೇಯಕ್ಕೆ ಮೂರೊರೆ ಸೌದೆ ಓಯ್ತದೆ ಕಣ್ಸಾಮಿ," ಅಂದ ಅಂಕಯ್ಯ.

ಯೋಗಾನರಸಿಂಹ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಒಂದು ಮೂಟೆಯಿಂದ ಇಂದ್ರಮ್ಮನಿಗೆ ಉಳಿದದ್ದು ಎರಡು ಹೊರೆ, ಇಲ್ಲಿ ಸುಟ್ಟದ್ದು ಮೂರು. ಸಾಲದ್ದಕ್ಕೆ, ಡ್ರಮ್ಮಿನಲ್ಲಿ ಸುಣ್ಣ ಹಿಡಿಯುವ ಗಾಳಿಯೇ ಸುಣ್ಣಕಲ್ಲು ಬೇಯುವಾಗ ಗೂಡಿನಿಂದ ಹೊರಗೆ ಹೋಗುತ್ತದೆ. ಬಿ.ಎಸ್ಸಿ. ಪರೀಕ್ಷೆಯಲ್ಲಿ ಅದನ್ನೇ ಬರೆದು ಪೂರ್ತಿ ಅಂಕ ತೆಗೆದಿದ್ದ ಮಹಾನುಭಾವ!

ಬಸ್ಸಿನಲ್ಲಿ ಒಂದು ಕೆಟ್ಟ ಯೋಚನೆ ಅವನನ್ನು ಬಿಡಲಿಲ್ಲ. ಬೆಂಗಳೂರಿನವರು ಯಾರೂ ಈ ಗೂಡು ನೋಡುವುದಿಲ್ಲ, ಕೇಳುವುದೂ ಇಲ್ಲ. ಮೂಟೆ ಹೊತ್ತು ಬಂಡೂರಿನಲ್ಲಿ ಇಳಿದಾಗಲೂ ಮುಚ್ಚಿಡುವುದೆಂದೇ ಅವನ ಮನಸ್ಸು. ಆದರೆ ಅವನ ಮುಖ ಕಂಡ ಇಂದ್ರಮ್ಮ ಏನಾಯಿತೆಂದು ಬಿಡದೆ ಕೇಳಿದಳು. ಹೇಳದೆ ಇರಲಾಗಲಿಲ್ಲ; ಎಲ್ಲವನ್ನೂ ಹೇಳಿಬಿಟ್ಟ. ಅವಳು ಹೊರೆಗಳ ಲೆಕ್ಕ ಕೇಳಲಿಲ್ಲ.

"ಅಂಗಾರೆ ನನ್ನ ಸೌದೆ ಒತ್ತೋರು ಯಾರು?"

"ಅಂಕಯ್ಯನ ಹೆಂಡತಿ."

"ವಯಸ್ಸೆಷ್ಟು?"

"ನಮ್ಮಮ್ಮನಷ್ಟು."

ಇಂದ್ರಮ್ಮ ಡ್ರಮ್ಮಿನ ಪೈಪು ಕಿತ್ತು ನೆಲಕ್ಕೆ ಹಾಕಿದಳು. "ಇನ್ನೊಬ್ಬಳ ಕತ್ತಿನ ಮ್ಯಾಲೆ ನನ್ನ ಮುದ್ದೆ ಬೇಯೋದು ಬ್ಯಾಡ. ಬುಡು, ನಾನೇ ಒತ್ಕೊತೀನಿ."

ಅವನಿಗೆ ನಾಚಿಕೆಯಾಯಿತು. ಡಾಕ್ಟರೇಟು ಕೈತಪ್ಪಿತೆಂದು ಅಳುವೂ ಬಂತು. ಜಗಲಿಯ ಮೇಲೆ ಪ್ರಬಂಧ ಬಿಚ್ಚಿ, ಸೌದೆ ಉಳಿಯುತ್ತದೆ ಎಂದಿದ್ದ ಕಡೆಯಲ್ಲೆಲ್ಲ ಗೀಟು ಹಾಕಿ, ಎರಡು ಹೊರೆ ಉಳಿಸಲು ಮೂರು ಹೊರೆ ಸುಟ್ಟೆವು ಎಂದು ಬರೆದ. ಅವನು ತಲೆ ಎತ್ತುವ ಹೊತ್ತಿಗೆ ಇಂದ್ರಮ್ಮ ಹಗ್ಗ, ಕುಡುಗೋಲು ಹಿಡಿದು ಗುಡ್ಡದ ದಾರಿಯಲ್ಲಿ ಆಗಲೇ ದೂರ ಹೋಗಿದ್ದಳು.