ಸರ್ಕಾರಿ ಮೂಗಿನ ಪರಿಹಾರ

ಹಿಂದಿನ ರಾಜರಿಗೆ ಆನೆ, ಕುದುರೆ, ಕಾಲಾಳುಗಳ ದಂಡಿರುತ್ತಿತ್ತು. ನಮ್ಮೂರಿನ ನೀರು ಶುದ್ಧೀಕರಣ ಘಟಕಕ್ಕೆ ಒಂದು ಮೂಗಿತ್ತು. ಆ ಮೂಗಿನ ಹಿಂದೆ ಒಬ್ಬ ಮನುಷ್ಯನೂ ಇದ್ದಾನೆಂಬುದು ಸಂಬಳದ ದಿನ ಮಾತ್ರ ಇಲಾಖೆಯ ನೆನಪಿಗೆ ಬರುತ್ತಿತ್ತು. ಜೊತೆಯ ನೌಕರರು ಅವರಿಗೆ ನಾಸಿಕರಾಯರೆಂದು ಪಟ್ಟ ಕಟ್ಟಿದ್ದರು.

ನೀರಿಗೆ ಬೆರೆಸುವ ಕ್ಲೋರಿನ್ ಅನಿಲದ ಸಿಲಿಂಡರುಗಳು ಘಟಕದ ಹಿಂಬದಿಯ ಕೋಣೆಯಲ್ಲಿ ಸಾಲಾಗಿ ನಿಂತಿರುತ್ತಿದ್ದವು. ದಿನಕ್ಕೆ ಮೂರು ಸಲ ರಾಯರು ಒಳಹೊಕ್ಕು, ಎದೆಯುಬ್ಬಿಸಿ, ಒಂದೊಂದು ವಾಲ್ವಿನ ಮುಂದೆಯೂ ಮೂಗು ಚಾಚುತ್ತಿದ್ದರು. ಸೋರಿಕೆ ಹಿಡಿಯುವ ಯಂತ್ರ ತರಿಸಬೇಕೆಂಬ ಕಡತ ಮೂವತ್ತು ವರ್ಷದಿಂದ ಮೇಜಿನಿಂದ ಮೇಜಿಗೆ ವಿಹಾರ ಮಾಡುತ್ತಿತ್ತು. ಅಲ್ಲಿಯವರೆಗೆ ಇಲಾಖೆಗೆ ಮೂಗೇ ಸಾಕಾಗಿತ್ತು: ಅದಕ್ಕೆ ಕರೆಂಟು ಬೇಡ, ಬಿಡಿಭಾಗ ಬೇಡ. ಸುತ್ತು ಮುಗಿದ ಮೇಲೆ ರಿಜಿಸ್ಟರಿನಲ್ಲಿ ‘ಮೂಸಿ ನೋಡಿದೆ, ಸೋರಿಕೆ ಇಲ್ಲ’ ಎಂದು ಬರೆದು ಸಹಿ ಹಾಕಿದರೆ ಆಯಿತು.

ನಿವೃತ್ತಿಗೆ ನಾಲ್ಕು ವರ್ಷವಿದ್ದಾಗ ಯುದ್ಧ ನಡೆಯಿತು. ಒಂದು ವಾಲ್ವಿನ ವಾಷರ್ ಹರಿದು ಹಳದಿ ಅನಿಲ ಬುಸುಗುಟ್ಟಿತು. ಇಂಜಿನಿಯರು ಮಹಾ ಶೌರ್ಯದಿಂದ ಗೇಟಿನವರೆಗೆ ಓಡಿದರು. ರಾಯರು ಒದ್ದೆ ಟವೆಲನ್ನು ಮುಖಕ್ಕೆ ಕಟ್ಟಿಕೊಂಡು ಒಳಗೆ ನುಗ್ಗಿ, ಕೆಮ್ಮುತ್ತ, ಕಣ್ಣು ಕಾಣದೆ ತಡಕಾಡಿ ವಾಲ್ವ್ ಮುಚ್ಚಿದರು. ಊರು ಎಂದಿನಂತೆ ನೀರು ಕುಡಿಯಿತು. ಇಂಜಿನಿಯರು ‘ಸಣ್ಣ ಸೋರಿಕೆ, ಸರಿಪಡಿಸಲಾಗಿದೆ’ ಎಂದು ಬರೆದು ಯುದ್ಧವನ್ನು ಒಂದೇ ಸಾಲಿನಲ್ಲಿ ಗೆದ್ದರು.

ಹದಿನೈದು ದಿನದ ಮೇಲೆ ಒಲೆಯ ಮೇಲೆ ಹಾಲು ಸೀದು ಪಾತ್ರೆ ಕಪ್ಪಾಗುತ್ತಿತ್ತು. ಪಕ್ಕದಲ್ಲೇ ಕೂತ ರಾಯರು ನಿಶ್ಚಿಂತೆಯಿಂದ ಪೇಪರ್ ಓದುತ್ತಿದ್ದರು. ಹೆಂಡತಿ ಓಡಿಬಂದರು.

“ಏನ್ರೀ, ಊರಿಗೆಲ್ಲ ಮೂಗು ಬಾಡಿಗೆಗೆ ಕೊಟ್ಟು, ಬರುವಾಗ ಅಲ್ಲೇ ಬಿಟ್ಟು ಬಂದ್ರಾ?”

ರಾಯರು ಪಾತ್ರೆ ಎತ್ತಿ ಮೂಸಿದರು. ಸೋಪು ಮೂಸಿದರು. ಸೀಮೆಎಣ್ಣೆ ಮೂಸಿದರು.

“ಅಲ್ಲೇ ಬಿಟ್ಟಿದೀನಿ ಕಣೇ,” ಎಂದರು.

ಹೇಳಿಕೊಂಡರೆ ‘ಹುದ್ದೆಗೆ ಅನರ್ಹ’ ಎಂದು ಮನೆಗೆ ಕಳಿಸುತ್ತಾರೆ. ಪೂರ್ತಿ ಪಿಂಚಣಿಗೆ ಇನ್ನೂ ನಾಲ್ಕು ವರ್ಷ ಬೇಕು. ಬಾಯಿ ಮುಚ್ಚಿಕೊಂಡರೆ ಸೋರಿಕೆ ತಿಳಿಯದೆ ಯಾರಾದರೂ ಸಾಯುತ್ತಾರೆ. ರಾಯರು ಮೂರನೆಯ ದಾರಿ ಹಿಡಿದರು. ಸೊಂಟದೆತ್ತರದ ಕೋಲಿನ ತುದಿಗೆ ಬಟ್ಟೆ ಸುತ್ತಿ, ಸ್ವಂತ ದುಡ್ಡಿನ ಅಮೋನಿಯಾದಲ್ಲಿ ಅದ್ದಿ, ವಾಲ್ವಿನಿಂದ ವಾಲ್ವಿಗೆ ಹಿಡಿಯುತ್ತ ಹೋದರು. ಸೋರುವ ಕ್ಲೋರಿನ್‌ಗೆ ಅಮೋನಿಯಾ ತಾಗಿದರೆ ಬಿಳಿ ಹೊಗೆ ಏಳುತ್ತದೆ. ಅದಕ್ಕೆ ಮೂಗು ಬೇಡ, ಕಣ್ಣು ಸಾಕು. ಹಾಗೆ ಎರಡು ಸೋರಿಕೆಗಳನ್ನು ಹಿಡಿದರು ಕೂಡ. ಆದರೆ ರಿಜಿಸ್ಟರಿನಲ್ಲಿ ಕೋಲಿಗೆ ಜಾಗವಿರಲಿಲ್ಲ. ‘ಮೂಸಿ ನೋಡಿದೆ’ ಎಂದೇ ಬರೆದರು, ದಿನಕ್ಕೆ ಮೂರು ಸಲ, ನಾಲ್ಕು ವರ್ಷ.

ಕೆಲಸದಲ್ಲಿ ಅಂಗ ಕಳೆದುಕೊಂಡ ನೌಕರರಿಗೆ ಸರ್ಕಾರ ಪರಿಹಾರ ಕೊಡುತ್ತದೆಂಬುದು ಅವರಿಗೆ ತಿಳಿದದ್ದು ನಿವೃತ್ತಿಯಾದ ಮೇಲೆ. ಅಷ್ಟರಲ್ಲಿ ಹೆಂಡತಿಯ ಎರಡೂ ಮಂಡಿ ಸವೆದು, ಆಪರೇಷನ್ ಆಗದಿದ್ದರೆ ಹಾಸಿಗೆಯೇ ಗತಿ ಎಂದು ಡಾಕ್ಟರು ಹೇಳಿದ್ದರು.

“ಹಾಕ್ರೀ ಅರ್ಜಿ,” ಎಂದರು ಆಕೆ. “ಹೋದ ಮೂಗು ಹೋಯ್ತು, ನನ್ನ ಮಂಡಿನಾದ್ರೂ ಬರ್ಲಿ.”

ಎರಡು ವರ್ಷ ಇಲಾಖೆ ಆ ಸತ್ತ ಮೂಗಿಗೆ ತುಪ್ಪ ಸವರಿತು. ಅರ್ಜಿ ಮೂರು ಪ್ರತಿ. ಮೂಗಿನ ಫೋಟೋ ಎದುರಿನಿಂದ ಒಂದು, ಪಕ್ಕದಿಂದ ಒಂದು. ‘ಅಂಗವು ಸ್ವಸ್ಥಾನದಲ್ಲೇ ಇರುವಂತೆ ಕಾಣುತ್ತದೆ’ ಎಂದು ಆಕ್ಷೇಪಣೆ ಬಂತು. ರಾಯರು ‘ಮನೆಯ ಬಾಗಿಲು ಇದ್ದಲ್ಲೇ ಇದೆ, ಒಳಗೆ ಯಾರೂ ಇಲ್ಲ’ ಎಂದು ಉತ್ತರ ಬರೆದರು. ಕೊನೆಗೆ ವೈದ್ಯರ ಮಂಡಳಿ ಏಳು ಸೀಸೆ ಮೂಸಿಸಿ, ಘ್ರಾಣಶಕ್ತಿ ಪೂರ್ತಿ ನಾಶವಾಗಿದೆ ಎಂದು ಬರೆದುಕೊಟ್ಟಿತು. ರಾಯರು ಗೆದ್ದೆನೆಂದುಕೊಂಡರು.

ವಿಚಾರಣೆಗೆ ಕುಟುಂಬದವರೂ ಹಾಜರಿರಬೇಕೆಂದು ನೋಟೀಸು ಬಂತು. ಕಚೇರಿ ಎರಡನೆಯ ಮಹಡಿಯಲ್ಲಿತ್ತು, ಲಿಫ್ಟ್ ಇರಲಿಲ್ಲ. ಒಂದು ಕೈಯಲ್ಲಿ ಹೆಂಡತಿಯನ್ನೂ ಇನ್ನೊಂದರಲ್ಲಿ ಸಾಕ್ಷಿಗೆಂದು ಆ ಕೋಲನ್ನೂ ಹಿಡಿದು ರಾಯರು ಮೆಟ್ಟಿಲೇರಿದರು. ಆಕೆ ಹೊರಗಿನ ಬೆಂಚಿನಲ್ಲಿ ಕುಸಿದು ಕೂತರು.

ಒಳಗೆ ಪರಿಹಾರಾಧಿಕಾರಿಯ ಮೇಜಿನ ಮೇಲೆ ನಾಲ್ಕು ವರ್ಷದ ರಿಜಿಸ್ಟರುಗಳು ಕೋಟೆಯಂತೆ ನಿಂತಿದ್ದವು.

“ಇದು ನಿಮ್ಮ ಸಹಿ ತಾನೇ?”

“ಹೌದು ಸಾರ್.”

“ನಿವೃತ್ತಿ ದಿನ ಸಂಜೆ ಕೂಡ ಮೂಸಿ ನೋಡಿದೀರಿ. ಅಂದ್ರೆ ಅವತ್ತಿನವರೆಗೂ ಮೂಗು ಗಟ್ಟಿಯಾಗಿತ್ತು. ಆಮೇಲೆ ಮನೇಲಿ ಹೋಗಿದೆ. ಪರಿಹಾರ ಮನೆಯವರನ್ನೇ ಕೇಳಿ!”

ಗುಮಾಸ್ತ ಕಿಸಕ್ಕನೆ ನಕ್ಕ. ರಾಯರು ಕೋಲನ್ನು ಮೇಜಿನ ಮೇಲಿಟ್ಟು ವಾಷರ್, ಟವೆಲ್, ಸೀದ ಹಾಲು, ಅಮೋನಿಯಾ ಎಲ್ಲ ಹೇಳಿದರು. ಅಧಿಕಾರಿ ಕೊನೆಯವರೆಗೂ ಕೇಳಿದರು. ದಡ್ಡರೇನಲ್ಲ.

“ನೀವು ಹೇಳ್ತಿರೋದು ನಿಜ ಅಂತ ನಂಗೂ ಗೊತ್ತಾಗುತ್ತೆ ರಾಯರೇ. ಬರ್ಕೊಳ್ಳಲಾ? ಬರ್ಕೊಂಡ್ರೆ ಸರ್ಕಾರಿ ದಾಖಲೇಲಿ ನಾಲ್ಕು ವರ್ಷ ಸುಳ್ಳು ಬರೆದಿದೀರಿ ಅಂತಾಗುತ್ತೆ. ಮೊದಲು ಪಿಂಚಣಿ ನಿಲ್ಲುತ್ತೆ. ಪರಿಹಾರ ಆಮೇಲಿನ ಮಾತು.”

“ಹಾಗಾದ್ರೆ ಏನ್ಮಾಡ್ಲಿ ಸಾರ್?”

“ಕೊನೇ ದಿನದವರೆಗೂ ಮೂಗು ಸರಿಯಾಗಿತ್ತು, ಅರ್ಜಿ ವಾಪಸ್ ತಗೋತೀನಿ ಅಂತ ಸಹಿ ಹಾಕಿ. ಫೈಲು ಮುಚ್ತೀನಿ. ಯಾರಿಗೂ ತೊಂದ್ರೆ ಇಲ್ಲ.”

ರಾಯರು ಬಾಗಿಲಾಚೆ ನೋಡಿದರು. ಹೆಂಡತಿ ಮಂಡಿ ನೀವಿಕೊಳ್ಳುತ್ತಿದ್ದರು. ಆ ಮಂಡಿಯನ್ನು ನೆನೆದರೆ ಸಹಿ ಹಾಕಬಾರದು. ಆಕೆಯ ಹೊಟ್ಟೆಯನ್ನು ನೆನೆದರೆ ಹಾಕಬೇಕು. ದಿನಕ್ಕೆ ಮೂರು ಸಲ ಹಾಕಿ ಪಳಗಿದ ಕೈ, ಹಾಕಿತು.

ರಾಯರು ಮೇಜಿನ ಮೇಲಿನ ಕೋಲು ಎತ್ತಿಕೊಂಡು ಹೊರಬಂದರು.

“ಏನಂದ್ರು?” ಎಂದು ಆಕೆ ಕೇಳಿದರು.

“ಮೂಗು ಸರಿಯಾಗೇ ಇತ್ತಂತೆ.”

“ಯಾರಂದಿದ್ದು ಹಾಗಂತ?”

“ನಾನೇ.”

ರಾಯರು ಬೈಗುಳಕ್ಕೆ ಕಾದು ನಿಂತರು. ಆಕೆ ಅವರ ಕೈಯಿಂದ ಕೋಲು ತೆಗೆದುಕೊಂಡು, ತುದಿಯ ಬಟ್ಟೆ ಬಿಚ್ಚಿ ಬೆಂಚಿನ ಕೆಳಗೆ ಎಸೆದು, ನೆಲಕ್ಕೂರಿ ನೋಡಿದರು.

“ಉದ್ದ ಸರಿಯಾಗಿದೆ ಕಣ್ರೀ,” ಎಂದು ಹೇಳಿ, ಎರಡು ಮಹಡಿಯ ಮೆಟ್ಟಿಲುಗಳನ್ನು ಒಂದೊಂದಾಗಿ ಇಳಿಯತೊಡಗಿದರು.