ಕಾಶೀನಾಥ ಟೇಲರ್ ಮನೆಯ ವಿಡಿಯೊ

2023ರ ಆರಂಭದಲ್ಲಿ ನಾನು ಮುದ್ದೇಬಿಹಾಳದಲ್ಲಿ ರಿಯಲ್ ಎಸ್ಟೇಟ್ ಏಜೆಂಟ್ ಆಗಿದ್ದೆ. ನನಗಾಗ ಅರವತ್ತೇಳು, ವೃತ್ತಿಗೆ ಇಪ್ಪತ್ತೆರಡು. ಬಸ್ಸು ಹತ್ತಿ ಸಿಂದಗಿ, ಇಂಡಿ, ಬಸವನ ಬಾಗೇವಾಡಿಗೂ ಹೋಗಿ ಮನೆ, ಸೈಟು ತೋರಿಸುತ್ತಿದ್ದೆ. ಪರ್ಸಿನಲ್ಲಿ ಸದಾ ಉತಾರದ ಜೆರಾಕ್ಸ್ ಇರುತ್ತಿತ್ತು. ಉತಾರವೆಂದರೆ ಆಸ್ತಿ ಯಾರ ಹೆಸರಿನಲ್ಲಿದೆ ಎಂದು ಹೇಳುವ ಸರಕಾರಿ ಕಾಗದ. ಅದನ್ನು ಓದದೆ ಯಾರಿಗೂ ಬಾಗಿಲು ತೆರೆದು ತೋರಿಸಿದವಳಲ್ಲ ನಾನು. ಆದರೆ ಆ ಹೊತ್ತಿಗೆ ಹೊಸ ಏಜೆಂಟರು ಮೊಬೈಲಿನಲ್ಲಿ ವಿಡಿಯೊ ಹಾಕಿ ಗಿರಾಕಿ ಹಿಡಿಯತೊಡಗಿದ್ದರು. ನನ್ನ ಫೋನು ದಿನಗಟ್ಟಲೆ ಸುಮ್ಮನೆ ಬಿದ್ದಿರುತ್ತಿತ್ತು. ವೈ ನಾಟ್ ಮಿ ಎಂದುಕೊಂಡು ನಾನೂ ಒಂದು ಚಾನೆಲ್ ತೆರೆದೆ.

ಕಾನ್ವೆಂಟಿನಲ್ಲಿ ನಮಗೆ ಎಲೊಕ್ಯೂಷನ್ ಕಲಿಸಿದ ಸಿಸ್ಟರ್ ನೆಟ್ಟಗೆ ನಿಲ್ಲಿ, ನಿಧಾನ ಮಾತಾಡಿ, ನಡುನಡುವೆ ತುಸು ತಡೆದು ಪಾಸ್ ಕೊಡಿ ಎನ್ನುತ್ತಿದ್ದರು. ಸಿಂದಗಿಯ ಒಂದು ಸೈಟಿನಲ್ಲಿ ಹಾಗೆಯೇ ನಿಂತು, "ಡಿಯರ್ ವ್ಯೂವರ್ಸ್" ಎಂದು ಶುರು ಮಾಡಿದೆ. ನೋಡಿದವರು ಹನ್ನೊಂದು ಮಂದಿ, ಅದರಲ್ಲಿ ನಾಲ್ಕು ಸಲ ನಾನೇ. ಒಂದೇ ಒಂದು ಕಾಮೆಂಟು: "ಆಂಟಿ, ಇಂಗ್ಲಿಷ್ ಚಲೋ ಐತಿ. ಜಾಗಾ ಎಲ್ಲೈತಿ?" ಊರಿನ ಹೆಸರು ಹೇಳುವುದನ್ನೇ ಮರೆತಿದ್ದೆ. ಎರಡನೆಯದನ್ನು ಇಂಡಿಯ ನಿಂಬೆ ತೋಟದ ಪಕ್ಕದಲ್ಲಿ ಮಾಡಿದೆ. ಮೂರು ಫೋನು ಬಂದವು. ಮೂವರೂ ನಿಂಬೆಹಣ್ಣಿನ ದರ ಕೇಳಿದರು.

ಆಗ ಬಂದವನು ಕಾಶೀನಾಥ ಟೇಲರ್. ನಮ್ಮ ಓಣಿಯ ಅರ್ಧ ಹೆಣ್ಣುಮಕ್ಕಳ ಕುಪ್ಪಸ ಹೊಲಿಯುವವನು, ನನ್ನದನ್ನೂ ಸೇರಿಸಿ. ಹೆಂಡತಿ ಬಾಗೇವಾಡಿಯಲ್ಲಿ ಶಾಲೆಯ ಟೀಚರ್. ಎರಡು ವರ್ಷದಿಂದ ದಿನಾ ಬಸ್ಸಿನಲ್ಲಿ ಹೋಗಿಬಂದು ಸೊರಗಿದ್ದಳು. ಇಲ್ಲಿಯ ಮನೆ ಮಾರಿ ಅಲ್ಲೇ ಅಂಗಡಿ ಹಾಕುವುದು ಅವನ ಯೋಚನೆ.

"ಮೇಡಮ್ಮಾರ, ಮನಿ ಮಾರೋದೈತ್ರಿ. ಆದ್ರ ಯಾರಿಗೂ ಗೊತ್ತಾಗಬಾರ್ದು."

"ಗೊತ್ತಾಗದ ಹೆಂಗ ಮಾರೂದೋ ಕಾಶೀನಾಥ?"

"ಲಗ್ನದ ಸೀಜನ್ ಐತ್ರಿ. ಮನಿ ಮಾರಾಕತ್ತಾನ ಅಂದ್ರ ಅರಿವಿ ತಗೊಂಡು ಓಡಿಹೊಕ್ಕಾನ ಅಂತಾರ. ಎಲ್ಲಾರೂ ಪೀಸ್ ವಾಪಸ್ ಕೇಳಿದ್ರ ನನ್ನ ಕತ್ರಿ ಮುಗೀತ್ರಿ. ಬಾಗೇವ್ಯಾಡ್ಯಾಗೂ ಈ ಗಿರಾಕಿಗೋಳ ಬೀಗರ ಅದಾರಲ್ರಿ."

ಅವನು ಹೇಳಿದ್ದು ನಿಜ. ನಮ್ಮ ಕಡೆ ಮನೆ ಮಾರುವವನಿಗೆ ಕಾರಣ ಏನೆಂದು ಯಾರೂ ಕೇಳುವುದಿಲ್ಲ. ಕಾರಣವನ್ನು ತಾವೇ ಹೊಲಿದು ಅವನಿಗೆ ತೊಡಿಸಿಬಿಡುತ್ತಾರೆ. ಒಂದು ಸುದ್ದಿಗೆ ಎರಡೂ ಊರಿನಲ್ಲಿ ಅವನ ಹೆಸರು ಕೆಡುತ್ತಿತ್ತು. ನಾನು ಡೋಂಟ್ ವರಿ ಎಂದೆ. ಮನೆಯ ಮುಂಭಾಗ ತೋರಿಸುವುದಿಲ್ಲ, ಹೆಸರು ಹೇಳುವುದಿಲ್ಲ, ಒಳಗಿನ ಕೋಣೆಗಳು ಮಾತ್ರ. ಬೇರೆ ಊರಿನ ಗಿರಾಕಿ ಸಿಕ್ಕರೆ ಯಾರಿಗೂ ತಿಳಿಯದೆ ವ್ಯವಹಾರ ಮುಗಿಯುತ್ತದೆ.

ಕಾಶೀನಾಥ ಬಹಳ ಎಚ್ಚರ ವಹಿಸಿದ. ಗೋಡೆಯ ಕ್ಯಾಲೆಂಡರ್ ತೆಗೆದ. ಹೊಲಿಗೆ ಮಷೀನಿಗೆ ಚಾದರ ಹೊದಿಸಿದ. ತನ್ನ ಮದುವೆಯ ಫೋಟೊವನ್ನು ಗೋಡೆಯ ಕಡೆ ತಿರುಗಿಸಿ, ತಾನು ಮಾಳಿಗೆ ಹತ್ತಿ ಕುಳಿತ. ನಾನು ಪಡಸಾಲೆ, ಅಡುಗೆಮನೆ, ಬಚ್ಚಲು ಎಲ್ಲ ತೋರಿಸುತ್ತ ಹಿಂದಿನ ಕೋಣೆಗೆ ಬಂದೆ. ಅಲ್ಲಿ ಗೋಡೆಯಿಂದ ಗೋಡೆಗೆ ಹಗ್ಗ ಕಟ್ಟಿ, ಬಟ್ಟೆಯ ತುಂಡುಗಳನ್ನು ಸಾಲಾಗಿ ತೂಗುಹಾಕಿದ್ದ. ಹಸಿರು, ಕೆಂಪು, ಅರಿಶಿನ, ನವಿಲುಬಣ್ಣ. ಕಿಟಕಿಯ ಬಿಸಿಲು ಅವುಗಳ ಮೇಲೆ ಬಿದ್ದಿತ್ತು. ಸೋ ಕಲರ್‌ಫುಲ್ ಎನಿಸಿತು. ಸಿಸ್ಟರ್ ಹೇಳಿದ ಪಾಸ್ ಕೊಡಲು ಇದಕ್ಕಿಂತ ಒಳ್ಳೆಯ ಜಾಗ ಸಿಗದು ಎಂದು ಎಡದಿಂದ ಬಲಕ್ಕೆ ನಿಧಾನವಾಗಿ ಕ್ಯಾಮೆರಾ ಸರಿಸಿದೆ.

ಬೆಳಿಗ್ಗೆ ಹನ್ನೊಂದಕ್ಕೆ ಅಪ್‌ಲೋಡ್ ಮಾಡಿದೆ. ಊಟ ಮುಗಿಸಿ ನೋಡಿದರೆ ಆರುನೂರು ವ್ಯೂಸ್. ಐ ವಾಸ್ ಥ್ರಿಲ್ಡ್. ಮೂರು ಗಂಟೆಗೆ ಕಾಶೀನಾಥನ ಫೋನು ಬಂತು.

"ಮೇಡಮ್ಮಾರ, ಲಗೂನ ಬರ್ರಿ. ಮಂದಿ ಬಂದಾರ."

"ಮನಿ ನೋಡಾಕೇನೋ?"

"ನನ್ನ ನೋಡಾಕ್ರಿ."

ನಾನು ಹೋಗುವಷ್ಟರಲ್ಲಿ ಪಡಸಾಲೆಯ ತುಂಬ ಹೆಂಗಸರು. ಮೂವತ್ತಕ್ಕೆ ಕಡಿಮೆಯಿಲ್ಲ. ಎಲ್ಲರ ಕೈಯಲ್ಲೂ ಮೊಬೈಲು, ಅದರಲ್ಲಿ ಹಿಂದಿನ ಕೋಣೆಯ ಹಗ್ಗ. ಮನೆಯ ಗುರುತು ಒಬ್ಬರಿಗೂ ಹತ್ತಿರಲಿಲ್ಲ. ತಂತಮ್ಮ ಕುಪ್ಪಸದ ಬಟ್ಟೆಯ ಗುರುತು ಎಲ್ಲರಿಗೂ ಹತ್ತಿತ್ತು. ಎಲ್ಲರ ಮುಂದೆ ನಿಂತವಳು ಮಾರುಕಟ್ಟೆ ಯಾರ್ಡಿನ ಹತ್ತಿರ ಖಾನಾವಳಿ ನಡೆಸುವ ರೇಣುಕಕ್ಕ.

"ಹುಕ್ಕಷ್ಟ ಉಳದಾವ ಅಕ್ಕಾ ಅಂತ ಮೊನ್ನೆ ಹೇಳಿದ್ಯಲ್ಲೋ ತಮ್ಮಾ. ಇಲ್ಲಿ ನೋಡಿದ್ರ ಮಡಚಿದ್ದ ಪೀಸ್ ಮಡಚಿದಂಗ ಐತಿ."

"ಅಕ್ಕಾ, ಅದು ಬ್ಯಾರೆದು."

"ಬ್ಯಾರೆದ? ಮೂಲ್ಯಾಗ ಸಾರಿನ ಕಲಿ ಐತಿ. ನಮ್ಮ ಖಾನಾವಳಿ ಸಾರು, ನಾ ಗುರ್ತ ಹಿಡಿಯಂಗಿಲ್ಲೇನು?"

ಹಿಂದಿನಿಂದ ಯಾರೋ, "ಓಡಿಹೋಗಾಂವ ಯಾಕ ಹೊಲೀತಾನ ಬಿಡ್ರಿ" ಎಂದರು. ಕಾಶೀನಾಥ ಮೆಟ್ಟಿಲ ಮೇಲೆ ಕುಸಿದು ಕೂತು ನನ್ನತ್ತ ನೋಡಿದ. "ಮೇಡಮ್ಮಾರ, ಮನಿ ತೋರಸ್ರಿ ಅಂದ್ರ ನನ್ನ ಮರ್ಯಾದಿ ತೋರಿಸಿದ್ರಿ." ನಾಚಿಕೆಯಿಂದ ತಲೆ ತಗ್ಗಿಸಿ ಫೋನು ನೋಡಿದೆ. ಎಡದಿಂದ ಮೂರನೆಯದು ದೀಪಾವಳಿಗೆ ನಾನು ಕೊಟ್ಟ ಬೂದುಬಣ್ಣದ ಪೀಸು.

ರೇಣುಕಕ್ಕ ತನ್ನ ಬಟ್ಟೆ ಹುಡುಕಲು ಒಳಗೆ ಹೋದಳು. ಬಹಳ ಹೊತ್ತಾದರೂ ಬರಲಿಲ್ಲ. ನಾನು ಹೋಗಿ ನೋಡಿದರೆ ಅಡುಗೆಮನೆಯ ನೆಲದ ಮೇಲೆ ಕಾಲು ಚಾಚಿ ಕುಳಿತು, ಎರಡೂ ಕೈಯಿಂದ ಗಾಳಿಯಲ್ಲೇ ರೊಟ್ಟಿ ಬಡಿದು ಅಳತೆ ನೋಡುತ್ತಿದ್ದಳು. ಎದ್ದು ನಲ್ಲಿ ತಿರುಗಿಸಿದಳು. ಕಿಟಕಿ ತೆರೆದು ಹೊಗೆ ಯಾವ ಕಡೆ ಹೋದೀತೆಂದು ಮೂಗು ಹೊರಗಿಟ್ಟಳು.

"ಇಲ್ಲಿ ನಾಕ ಒಲಿ ಹೂಡಬೋದ್ರಿ ಮೇಡಮ್ಮಾರ. ಇಂಥಾ ಮನಿ ಇಟ್ಕೊಂಡು ನಮ್ಮ ಮನಿಯವ್ರಿಗೆ ಯಾಕ ತೋರಿಸಿಲ್ಲ?"

ಆಕೆಯ ಗಂಡ ಹಿಂದಿನ ವರ್ಷ ನನ್ನ ಜೊತೆ ಐದು ಮನೆ ನೋಡಿ, ಓಣಿ ಸಣ್ಣದು, ಮೂಲೆ ಸರಿಯಿಲ್ಲ ಎಂದು ಐದನ್ನೂ ಬಿಟ್ಟಿದ್ದರು. ಐದರಲ್ಲಿ ಒಂದಕ್ಕೂ ರೇಣುಕಕ್ಕ ಬಂದಿರಲಿಲ್ಲ. ನಾನೂ ಕರೆದಿರಲಿಲ್ಲ. ನಮ್ಮ ವ್ಯವಹಾರದ ರೀತಿಯೇ ಹಾಗೆ: ಗಂಡಸರು ನೋಡಿ, ಸಂಚಕಾರವೆಂಬ ಮುಂಗಡ ಹಣ ಕೊಟ್ಟು ಗಟ್ಟಿ ಮಾಡಿದ ಮೇಲೆ ಹೆಂಗಸರು ಹಾಲು ಉಕ್ಕಿಸಲು ಬರುತ್ತಾರೆ.

ರೇಣುಕಕ್ಕ ಪಡಸಾಲೆಗೆ ಬಂದು ಸೆರಗು ಸಿಕ್ಕಿಸಿದಳು. "ಕೇಳ್ರಿಲ್ಲೆ. ಓಡಿಹೋಗಾಂವ ಆಗಿದ್ರ ಅರಿವಿ ಇಲ್ಲೇ ತೂಗಹಾಕಿ ವಿಡಿಯೊ ತಗಸ್ತಿದ್ದಿಲ್ಲ. ಮನಿ ನಾ ತಗೋತೇನಿ. ನಿಮ್ಮೆಲ್ಲಾರ ಜಂಪರ್ ಕೈಗೆ ಬರೂತನಕ ಸಹಿ ಮಾಡಂಗಿಲ್ಲ. ಸಹಿ ಆಗೂತನಕ ಇಂವಾ ಎಲ್ಲಿ ಹೋಗ್ತಾನ?"

ಆಮೇಲೆ ಹಿಂದಿನಿಂದ ಬಂದ ಪ್ರಶ್ನೆ: "ಮೊದಲ ಯಾರದು ಹೊಲೀತಾನ?" ಅಲ್ಲಿಗೆ ಅವನ ಕತ್ತರಿ ಉಳಿಯಿತು. ಲಗ್ನದ ದಿನ ನೋಡಿ ನಾನೇ ಸರತಿಯ ಪಟ್ಟಿ ಬರೆದೆ. ಹದಿನೆಂಟು ದಿನ ಅವನ ಮಷೀನು ನಿಲ್ಲಲಿಲ್ಲ. ಬೂದು ಪೀಸು ಕೊನೆಯದು. ತಪ್ಪು ಮಾಡಿದವಳು ಕಾಯಬೇಕೆಂದು ಹೆಂಗಸರು ಸರ್ವಾನುಮತದಿಂದ ತೀರ್ಮಾನಿಸಿದ್ದರು. ನೋಂದಣಿ ಕಚೇರಿಯಲ್ಲಿ ನಾನು ಉತಾರ ಓದಿದೆ, ರೇಣುಕಕ್ಕ ತನ್ನ ಹೊಸ ಕುಪ್ಪಸದ ಹುಕ್ಕು ಒಂದೊಂದೇ ಎಳೆದು ನೋಡಿದಳು. ಎರಡೂ ಸರಿಯಿದ್ದವು. ಸಹಿ ಬಿತ್ತು.

ಕಾಶೀನಾಥ ಈಗ ಬಾಗೇವಾಡಿಯಲ್ಲಿ ಹೊಲಿಯುತ್ತಾನೆ. ಗಿರಾಕಿಗಳಿಗೆ ಏನೂ ಕೊರತೆಯಿಲ್ಲ. ಮುದ್ದೇಬಿಹಾಳದವರೇ ತಮ್ಮ ಬೀಗರಿಗೆ ಹೇಳಿ ಕಳಿಸುತ್ತಾರೆ, ಹುಕ್ಕಿನ ಮಾತು ನಂಬಬೇಡಿ ಎಂಬ ಎಚ್ಚರಿಕೆಯ ಜೊತೆಗೆ.

ಇಪ್ಪತ್ತೆರಡು ವರ್ಷ ನಾನು ಮನೆಗಳನ್ನು ತೋರಿಸಿದ್ದು ಅವುಗಳಲ್ಲಿ ಕಡಿಮೆ ಹೊತ್ತು ಇರುವವರಿಗೆ ಎಂಬುದನ್ನು ಈ ವೃತ್ತಿ ನನಗೆ ತಡವಾಗಿ ಕಲಿಸಿತು. ನನ್ನನ್ನೂ ಯಾರೂ ಕೇಳಿರಲಿಲ್ಲ. ಮದುವೆಯಾಗಿ ಬಂದಾಗ ಮನೆ ಆಗಲೇ ಖರೀದಿಯಾಗಿತ್ತು. ನಲವತ್ತು ವರ್ಷದಿಂದ ನನ್ನ ಅಡುಗೆಮನೆಯ ಕಿಟಕಿ ಪಕ್ಕದವರ ಗೋಡೆಗೇ ತೆರೆಯುತ್ತದೆ. ವೆಲ್, ದಟ್ ಈಸ್ ದಟ್. ಈಗ ಮನೆ ನೋಡಬೇಕೆಂದು ಗಂಡಸರ ಫೋನು ಬಂದರೆ, ಅಡುಗೆ ಮಾಡುವವರನ್ನು ಕರೆದುಕೊಂಡು ಬನ್ನಿ ಎನ್ನುತ್ತೇನೆ. ಕೆಲವರು ಫೋನು ಇಟ್ಟುಬಿಡುತ್ತಾರೆ. ಕಳೆದ ವಾರ ಇಂಡಿಯಲ್ಲಿ ಒಬ್ಬರು ಗೇಟಿನ ಮುಂದೆ ಒಬ್ಬರೇ ಬಂದು ನಿಂತರು.

"ಮನಿಯಾಕಿ ರೊಟ್ಟಿ ಬಡ್ಯಾಕತ್ತಾಳ್ರಿ. ನಾನ ನೋಡ್ತೇನಿ, ತಗೀರಿ ಬಾಗ್ಲಾ."

"ಬಡೀಲ್ರಿ, ಅವಸರಿಲ್ಲ" ಎಂದು ಛತ್ರಿ ಬಿಚ್ಚಿ ಕಟ್ಟೆಯ ಮೇಲೆ ಕುಳಿತೆ. ಬೀಗದ ಕೈ ಪರ್ಸಿನಲ್ಲೇ ಇತ್ತು.